ಆನ್‌ಲೈನ್ ಕ್ಲಾಸಿಗೆ ಯಾವ ಆಪ್? ಮೊದ್ಲು ಮಕ್ಕಳ ಫೋನ್ ನೋಡಿ, ಆಮೇಲೆ ತೀರ್ಮಾನ ಮಾಡಿ

ನಮ್ಮ ಕಾಸರಗೋಡಲ್ಲಿ ಮಳೆಗಾಲ ಬಂದ್ರೆ ಇದು ಮಾಮೂಲು. ರಾತ್ರಿ ಎಂಟು ಗಂಟೆಗೆ ರೆಡ್ ಅಲರ್ಟ್ ಅಂತ ಕಲೆಕ್ಟರ್ ರಜೆ ಕೊಡ್ತಾರೆ, ಹತ್ತು ನಿಮಿಷದಲ್ಲಿ ಡಿಪಾರ್ಟ್‌ಮೆಂಟ್ ಗ್ರೂಪಲ್ಲಿ "ಪೋರ್ಷನ್ ಬಾಕಿ ಉಂಟು, ನಾಳೆ ಆನ್‌ಲೈನ್ ಮಾಡುವ" ಅಂತ ಮೆಸೇಜ್ ಬರ್ತದೆ, ಬೆಳಿಗ್ಗೆ ನೋಡಿದ್ರೆ ಒಬ್ಬರದ್ದು ಜೂಮ್, ಒಬ್ಬರದ್ದು ಮೀಟ್, ಇನ್ನೊಬ್ಬರು ವಾಟ್ಸ್ಆಪಲ್ಲೇ ವಿಡಿಯೋ ಹಾಕಿ ಮುಗಿಸಿರ್ತಾರೆ, ಯಾವ ಲಿಂಕ್ ಯಾವ ಪೀರಿಯಡಿಗೆ ಅಂತ ಹುಡುಕುದ್ರಲ್ಲೇ ಮಕ್ಕಳ ಅರ್ಧ ಗಂಟೆ ಹೋಗಿರ್ತದೆ. 2020ರ ಮಾರ್ಚಲ್ಲಿ ಕೊರೊನಾ ಬಂದು ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿ ಮಂಗಳೂರಿಗೆ ಕಾಲೇಜಿಗೆ ಹೋಗುವ ನಮ್ಮ ಮಕ್ಕಳೆಲ್ಲ ಮನೆಯಲ್ಲೇ ಕೂತಾಗ ಶುರುವಾದ ಗಡಿಬಿಡಿ ಇದು, ಆಗ ಯಾರಿಗೂ ಯೋಚನೆ ಮಾಡ್ಲಿಕ್ಕೆ ಟೈಮಿರ್ಲಿಲ್ಲ, ಕೈಗೆ ಸಿಕ್ಕಿದ್ದನ್ನು ಹಿಡ್ಕೊಂಡ್ವಿ. ಈಗ ಟೈಮುಂಟು. ಹಾಗಾಗಿ ಸರಿಯಾಗಿ ಆಯ್ಕೆ ಮಾಡ್ಬೇಕು.

ನಾನು ಇಲ್ಲಿ ಡಿಗ್ರಿ ಮಕ್ಕಳಿಗೆ ಕನ್ನಡ ಪಾಠ ಮಾಡುವವಳು. ಹೊಸದಾಗಿ ಸೇರಿದ ಗೆಸ್ಟ್ ಲೆಕ್ಚರರ್‌ಗಳು "ಟೀಚರ್, ಯಾವ ಆಪ್ ಒಳ್ಳೇದು?" ಅಂತ ಕೇಳ್ತಾ ಇರ್ತಾರೆ, ಪ್ರತಿ ಸಲ ಫೋನಲ್ಲಿ ಅರ್ಧಂಬರ್ಧ ಹೇಳುವ ಬದಲು ನಾನು ಮಾಡುವ ಕ್ರಮವನ್ನು ಪೂರ್ತಿ ಬರೆದಿಡ್ತಿದ್ದೇನೆ. ಬೇರೆ ಸಬ್ಜೆಕ್ಟಿನವರಿಗೂ ಮುಕ್ಕಾಲು ಭಾಗ ಹೊಂದ್ತದೆ.

1. ಮೊದ್ಲು ಕಾಗದದಲ್ಲಿ ಕೇಳಿ

ಆಪ್ ಹುಡುಕ್ಲಿಕ್ಕೆ ಹೋಗ್ಬೇಡಿ. ಸೆಮಿಸ್ಟರ್‌ನ ಮೊದಲ ವಾರ, ಎಲ್ಲರೂ ಕ್ಲಾಸಲ್ಲಿ ಎದುರಿಗೆ ಇರುವಾಗ ಒಂದೊಂದು ಕಾಗದ ಕೊಟ್ಟು ಬರೆಸಿ. ಗೂಗಲ್ ಫಾರ್ಮ್ ಬೇಡ ಅಂತ ಯಾಕೆ ಹೇಳುದಂದ್ರೆ, ಫಾರ್ಮ್ ತುಂಬಿಸುವವರು ನೆಟ್ ಇರುವವರು ಮಾತ್ರ, ನಮಗೆ ಗೊತ್ತಾಗ್ಬೇಕಾದ್ದು ನೆಟ್ ಇಲ್ಲದವರ ವಿಷಯ. ಕೇಳ್ಬೇಕಾದ್ದು ಇಷ್ಟೇ: ಫೋನ್ ನಿಮ್ಮದೇ ಅಥವಾ ಮನೆಯವರ ಜೊತೆ ಹಂಚಿಕೊಳ್ಳುದಾ, ದಿನಕ್ಕೆ ಎಷ್ಟು ಡೇಟಾ, ಫೋನಲ್ಲಿ ಎಷ್ಟು ಜಾಗ ಖಾಲಿ ಉಂಟು, ಮನೆಯೊಳಗೆ ರೇಂಜ್ ಸಿಗ್ತದಾ ಅಥವಾ ಹೊರಗೆ ಬರ್ಬೇಕಾ, ಮನೆಯಲ್ಲಿ ಕಂಪ್ಯೂಟರ್ ಉಂಟಾ, ಕಣ್ಣು ಕಿವಿಯ ತೊಂದರೆ ಎಂತಾದ್ರೂ ಉಂಟಾ. ಕೊನೇ ಪ್ರಶ್ನೆಗೆ ಕೆಲವರು ಬರೆಯುದಿಲ್ಲ, ಅದನ್ನು ಒಬ್ಬೊಬ್ಬರನ್ನೇ ಕರೆದು ಮೆಲ್ಲ ಕೇಳ್ಬೇಕು.

ದೇಲಂಪಾಡಿ ಕಡೆಯಿಂದ ಬರುವ ಒಬ್ಬಳು ಹುಡುಗಿ ಒಂದ್ಸಲ ಕ್ಲಾಸ್ ಮುಗಿದ ಮೇಲೆ ಅವಳ ಫೋನ್ ನನ್ನ ಕೈಗೆ ಕೊಟ್ಟು ತೋರಿಸಿದ್ಲು. ಸ್ಕ್ರೀನ್ ಮೇಲೆ ಸ್ಟೋರೇಜ್ ಫುಲ್ ಅಂತ ಬರ್ತಾ ಇತ್ತು, ತಮ್ಮನ ಪ್ಲಸ್ ಟೂ ಪಾಠವೂ ಅದೇ ಫೋನಲ್ಲಿ. ಅವಳು ಮಾಡ್ತಿದ್ದದ್ದು ಎಂತ ಗೊತ್ತುಂಟಾ, ಒಬ್ಬ ಸರ್ ಕ್ಲಾಸ್ ಮುಗಿದ ಕೂಡ್ಲೇ ಆ ಆಪ್ ತೆಗೆದು, ಮುಂದಿನ ಮೇಡಂ ಹೇಳಿದ ಆಪ್ ಇನ್‌ಸ್ಟಾಲ್ ಮಾಡಿ, ಅದು ಮುಗಿದ್ಮೇಲೆ ಅದನ್ನೂ ತೆಗೆದು ಮತ್ತೆ ಮೊದಲಿನದ್ದು ಹಾಕುದು. ಪ್ರತಿ ಇನ್‌ಸ್ಟಾಲಿಗೂ ಡೇಟಾ ಖರ್ಚು. ಆ ಸೆಮಿಸ್ಟರಲ್ಲಿ ನಾನೇ ಎರಡು ಹೊಸ ಆಪ್ ಹೇಳಿದ್ದೆ, ಒಂದು ಕ್ವಿಜ್‌ಗೆ, ಒಂದು ಬೋರ್ಡಿಗೆ. ಅವತ್ತಿಂದ ನನ್ನದು ಒಂದು ನಿಯಮ: ಕ್ಲಾಸಲ್ಲಿ ಅತ್ಯಂತ ಚಿಕ್ಕ ಫೋನ್ ಯಾರದ್ದೋ ಅವರ ಫೋನಲ್ಲಿ ನಡೆಯದ್ದು ನನ್ನ ಪಾಠದಲ್ಲಿ ಇಲ್ಲ.

ಕೆನಡಾದಲ್ಲಿರುವ ದೂರಶಿಕ್ಷಣ ತಜ್ಞ ಟೋನಿ ಬೇಟ್ಸ್ ಅವರದ್ದು ಸೆಕ್ಷನ್ಸ್ ಅಂತ ಒಂದು ಚೌಕಟ್ಟುಂಟು, ಇಂಗ್ಲಿಷಿನ ಆ ಎಂಟು ಅಕ್ಷರಕ್ಕೆ ಎಂಟು ವಿಷಯ: ವಿದ್ಯಾರ್ಥಿ, ಬಳಸುವ ಸುಲಭ, ಖರ್ಚು, ಪಾಠದ ಕೆಲಸ, ಒಡನಾಟ, ಸಂಸ್ಥೆ, ಹೊರಗಿನ ಸಂಪರ್ಕ, ಸುರಕ್ಷತೆ. ಅದರಲ್ಲೂ ಮೊದಲ ಅಕ್ಷರ ವಿದ್ಯಾರ್ಥಿಯದ್ದೇ. ನಾವು ಹೆಚ್ಚಿನವರು ಶುರು ಮಾಡುದು ಮಾತ್ರ ಖರ್ಚಿನಿಂದ, ಯಾವುದು ಫ್ರೀ ಅಂತ ನೋಡಿ.

2. ಡೇಟಾದ ಲೆಕ್ಕ ಹಾಕಿ

ಇದನ್ನು ಒಂದ್ಸಲ ಪೆನ್ ಹಿಡಿದು ಮಾಡಿ, ಮತ್ತೆ ಮರೆಯುದಿಲ್ಲ. ವಿಡಿಯೋ ಸೆಕೆಂಡಿಗೆ 1 ಮೆಗಾಬಿಟ್ ಲೆಕ್ಕದಲ್ಲಿ ಹೋದ್ರೆ ಒಂದು ಗಂಟೆಗೆ 450 ಎಂಬಿ. ಮೂರು ಲೈವ್ ಕ್ಲಾಸಿಗೆ 1350 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿದ ಮನೆಯಲ್ಲಿ ಅಲ್ಲಿಗೆ ಆ ದಿನದ ಡೇಟಾ ಹೆಚ್ಚುಕಮ್ಮಿ ಮುಗೀತು, ತಮ್ಮನಿಗೆ ಎಂತದೂ ಉಳಿಯುದಿಲ್ಲ. ಅದೇ ಪಾಠವನ್ನು ಬರೀ ಧ್ವನಿಯಾಗಿ ಸೆಕೆಂಡಿಗೆ 24 ಕಿಲೋಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ರೆ ಗಂಟೆಗೆ 11 ಎಂಬಿಯೂ ಬೇಡ. ಮಾತು ಕೇಳ್ಲಿಕ್ಕೆ ಅಷ್ಟು ಧಾರಾಳ ಸಾಕು.

ವಿಡಿಯೋ ಮಾಡ್ಲೇಬಾರದು ಅಂತಲ್ಲ. ನನ್ನ ಮುಖ ತೋರಿಸ್ಲಿಕ್ಕೆ ಒಂದು ಗಂಟೆ ವಿಡಿಯೋ ಬೇಡ ಅಂತ. ಮೊದಲ ಐದು ನಿಮಿಷ ಮುಖ ತೋರಿಸಿ, ಮಕ್ಕಳನ್ನು ಹೆಸರು ಹಿಡಿದು ಮಾತಾಡ್ಸಿ, ಆಮೇಲೆ ಕ್ಯಾಮೆರಾ ಆಫ್.

3. ಮಗು ಮಾಡ್ಬೇಕಾದ ಕೆಲಸ ಎಂತ?

ಇಲ್ಲಿ ಸ್ವಲ್ಪ ನಿಲ್ತೇನೆ, ಯಾಕಂದ್ರೆ ತಪ್ಪಾಗುದೆಲ್ಲ ಇಲ್ಲಿಯೇ. ಆ ಯೂನಿಟಲ್ಲಿ ಮಗು ಎಂತ ಮಾಡ್ಬೇಕು, ಕೇಳ್ಬೇಕಾ, ಬರೀಬೇಕಾ, ವಾದ ಮಾಡ್ಬೇಕಾ, ಕೈಯಲ್ಲಿ ಮಾಡಿ ನೋಡ್ಬೇಕಾ, ಅದನ್ನು ಒಂದು ಸಾಲಲ್ಲಿ ಬರ್ಕೊಳ್ಳಿ. ಸಾಧನ ಆಮೇಲೆ ತನ್ನಷ್ಟಕ್ಕೆ ಬರ್ತದೆ.

ನನ್ನದೇ ಉದಾಹರಣೆ ಕೊಡ್ತೇನೆ, ಹಳಗನ್ನಡ ಕಾವ್ಯ. ಮಕ್ಕಳಿಗೆ ಪದ್ಯ ಅರ್ಥ ಆಗದೆ ಇರುದು ಶಬ್ದಕ್ಕಿಂತ ಜಾಸ್ತಿ ಓದುವ ರೀತಿ ಗೊತ್ತಿಲ್ಲದೆ, ಎಲ್ಲಿ ಉಸಿರು ತಗೊಳ್ಬೇಕು, ಎಲ್ಲಿ ಪದ ಬಿಡಿಸ್ಬೇಕು ಅಂತ. ಇದಕ್ಕೆ ಸ್ಲೈಡ್ ಹಾಕಿ ಎಂತ ಮಾಡುದು? ಬೇಕಾದ್ದು ಧ್ವನಿ. ಒಂದು ಪದ್ಯಕ್ಕೆ ಒಂದು ಆಡಿಯೋ, ಮೊದ್ಲು ಇದ್ದ ಹಾಗೆ ಓದುದು, ಮತ್ತೆ ಪದ ಬಿಡಿಸಿ ಓದುದು, ಮತ್ತೆ ಅರ್ಥ ಹೇಳುದು, ನಾಲ್ಕೈದು ನಿಮಿಷ ಮೀರ್ಬಾರದು. ಮಕ್ಕಳು ಬಸ್ಸಲ್ಲಿ ಬರುವಾಗ ಕೇಳ್ತಾರೆ, ಅಡಿಕೆ ಸುಲಿಯುವಾಗ ಕೇಳ್ತಾರೆ, ಬೇಕಾದ್ರೆ ಹತ್ತು ಸಲ ಕೇಳ್ತಾರೆ. ಆಮೇಲೆ ಅವರದ್ದೇ ಧ್ವನಿಯಲ್ಲಿ ಓದಿ ಕಳ್ಸಿ ಅಂತ ಹೇಳ್ತೇನೆ. ಮನೆಯಲ್ಲಿ ತುಳುವೋ ಮಲಯಾಳವೋ ಮರಾಠಿಯೋ ಮಾತಾಡುವ ಮಕ್ಕಳ ಬಾಯಲ್ಲಿ ಕಂದಪದ್ಯ ಬರುದನ್ನು ಕೇಳುದೇ ಒಂದು ಸಂತೋಷ, ಕ್ಲಾಸಲ್ಲಿ ನಾಚಿಕೆಯಲ್ಲಿ ಬಾಯಿ ಬಿಡದವರೂ ಫೋನಿಗೆ ಓದಿ ಕಳ್ಸ್ತಾರೆ.

ಅದೇ ಕಂದಪದ್ಯದ ಪ್ರಸ್ತಾರ ಹಾಕುದು ಬೇರೆ ಕೆಲಸ. ಒಂದನೇ ಮೂರನೇ ಸಾಲಲ್ಲಿ ನಾಲ್ಕು ಮಾತ್ರೆಯ 3 ಗಣ, ಎರಡನೇ ನಾಲ್ಕನೇ ಸಾಲಲ್ಲಿ 5 ಗಣ, ಒಟ್ಟು 64 ಮಾತ್ರೆ ಆಗ್ಬೇಕು, ಅಕ್ಷರದ ತಲೆ ಮೇಲೆ ಲಘು ಗುರು ಹಾಕಿ ಗಣಕ್ಕೆ ಗೆರೆ ಎಳೀಬೇಕು. ಇದನ್ನು ಫೋನ್ ಕೀಬೋರ್ಡಲ್ಲಿ ಟೈಪ್ ಮಾಡ್ಸಿದ್ರೆ ಮಕ್ಕಳ ಪ್ರಾಣ ಹೋಗ್ತದೆ. ನಾನು ಮಾಡುದು ಹೀಗೆ: ಮೇಜಿನ ಮೇಲೆ ನಾಲ್ಕು ದಪ್ಪ ಪುಸ್ತಕ ಪೇರಿಸಿ, ಅದರ ಮೇಲೆ ಒಂದು ಸ್ಕೇಲ್ ಅಡ್ಡ ಇಟ್ಟು, ಸ್ಕೇಲಿನ ಹಿಂದಿನ ತುದಿಗೆ ಇನ್ನೊಂದು ಪುಸ್ತಕದ ಭಾರ ಕೊಟ್ಟು, ಮುಂದೆ ಫೋನನ್ನು ಕ್ಯಾಮೆರಾ ಕೆಳಗೆ ಬರುವ ಹಾಗೆ ಮಲಗಿಸುದು. ಕೆಳಗೆ ಬಿಳಿ ಕಾಗದ, ದಪ್ಪ ಸ್ಕೆಚ್ ಪೆನ್. ನನ್ನ ಕೈ ಬರೆಯುದು ಅವರಿಗೆ ಕಾಣ್ತದೆ. ಅವರು ನೋಟ್ ಬುಕ್ಕಲ್ಲಿ ಮಾಡಿ ಫೋಟೋ ತೆಗೆದು ಹಾಕ್ತಾರೆ. ಇದಕ್ಕೆ ಯಾವ ಡಿಜಿಟಲ್ ಬೋರ್ಡೂ ಬೇಡ.

ಬೇರೆ ಸಬ್ಜೆಕ್ಟಿನವರೂ ಹೀಗೇ ಯೋಚಿಸಿ. ಕೆಮಿಸ್ಟ್ರಿಯವರು ಟೈಟ್ರೇಶನ್ನಿಗೆ ಮೊದ್ಲು ಸ್ಕ್ರೀನಲ್ಲೇ ಪ್ರಯೋಗ ಮಾಡಿ ನೋಡುವ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ ತೋರಿಸ್ಬಹುದು, ಆದ್ರೆ ಬ್ಯೂರೆಟ್ ಹಿಡಿಯುವ ಕೈ ಲ್ಯಾಬಲ್ಲೇ ಪಳಗ್ಬೇಕು. ಕಾಮರ್ಸಿನವರು ಎಕ್ಸೆಲ್ ಕಲಿಸುದಾದ್ರೆ ಐದಿಂಚಿನ ಫೋನಲ್ಲಿ ಕಲಿಸ್ಲಿಕ್ಕಾಗುದಿಲ್ಲ, ಅದನ್ನು ಕಾಲೇಜಿಗೆ ಬರುವ ದಿನಕ್ಕೇ ಇಟ್ಕೊಳ್ಳಿ. ಹೈಬ್ರಿಡ್ ಅಂದ್ರೆ ನನ್ನ ಪ್ರಕಾರ ಇಷ್ಟೇ, ಫೋನಲ್ಲಿ ಆಗದ್ದಕ್ಕೆ ಕ್ಯಾಂಪಸ್ ದಿನ, ಆಗುವುದಕ್ಕೆ ಮನೆ ದಿನ. ನಾವು ಹೆಚ್ಚಾಗಿ ಉಲ್ಟಾ ಮಾಡ್ತೇವೆ, ಮಕ್ಕಳು ಕಾಲೇಜಿಗೆ ಬಂದ ದಿನ ನೋಟ್ಸ್ ಹೇಳಿ ಬರೆಸಿ, ಮನೆಯಲ್ಲಿರುವಾಗ ಗ್ರೂಪ್ ಚರ್ಚೆ ಮಾಡಿ ಅಂತೇವೆ.

4. ಲೈವ್ ಎಷ್ಟು, ರೆಕಾರ್ಡ್ ಎಷ್ಟು

ಲೈವ್ ಕ್ಲಾಸ್ ಬೇಕಾದ್ದು ಪ್ರಶ್ನೆ ಕೇಳ್ಲಿಕ್ಕೆ, ಮಾತಾಡ್ಲಿಕ್ಕೆ. ಪಾಠ ಓದಿ ಹೇಳ್ಲಿಕ್ಕೆ ರೆಕಾರ್ಡ್ ಸಾಕು. ನಾನು ಆಡಿಯೋ ಹಿಂದಿನ ದಿನವೇ ಹಾಕಿ, ಲೈವಲ್ಲಿ 25 ನಿಮಿಷ ಮಾತ್ರ ಇರ್ತೇನೆ. ಫ್ರೀ ಜೂಮ್ 40 ನಿಮಿಷಕ್ಕೆ ಕಟ್ ಆಗ್ತದೆ, ಸ್ವಂತ ಜಿಮೇಲಿನಿಂದ ಮಾಡುವ ಫ್ರೀ ಮೀಟ್ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ರೆ 60 ನಿಮಿಷಕ್ಕೆ. 25 ನಿಮಿಷಕ್ಕೆ ಎರಡೂ ತೊಂದರೆ ಇಲ್ಲ, ದುಡ್ಡು ಕೊಡ್ಬೇಕಾಗಿಲ್ಲ. ಮೀಟಲ್ಲೇ ರೆಕಾರ್ಡ್ ಮಾಡುವ ಅಂತ ಲೆಕ್ಕ ಹಾಕ್ಬೇಡಿ, ಕಾಲೇಜಿಗೆ ಫ್ರೀಯಾಗಿ ಸಿಗುವ ಗೂಗಲ್ ವರ್ಕ್‌ಸ್ಪೇಸ್ ಫಂಡಮೆಂಟಲ್ಸ್‌ನಲ್ಲಿ ಆ ಸೌಲಭ್ಯ ಇಲ್ಲ. ಲ್ಯಾಪ್‌ಟಾಪ್ ಇದ್ರೆ ಸ್ಕ್ರೀನ್ ರೆಕಾರ್ಡ್ ಮಾಡುವ ಓಬಿಎಸ್ ಸ್ಟುಡಿಯೋ ಫ್ರೀ, ಇಲ್ಲದಿದ್ರೆ ಫೋನಿನ ವಾಯ್ಸ್ ರೆಕಾರ್ಡರ್ ಪಕ್ಕದಲ್ಲಿ ಇಟ್ಟುಬಿಡಿ.

5. ಎಲ್ಲದಕ್ಕೂ ಒಂದೇ ಮನೆ

ವಾಟ್ಸ್ಆಪ್ ಗ್ರೂಪನ್ನೇ ಕ್ಲಾಸ್‌ರೂಮ್ ಮಾಡಿದ್ರೆ ಎಂತ ಆಗ್ತದೆ ಅಂತ ಎಲ್ಲರಿಗೂ ಗೊತ್ತುಂಟು, ನೋಟ್ಸ್ ಮೇಲೆ ಗುಡ್ ಮಾರ್ನಿಂಗ್, ಅದರ ಮೇಲೆ ಹ್ಯಾಪಿ ಬರ್ತ್‌ಡೇ, ಪರೀಕ್ಷೆ ಹತ್ರ ಬಂದಾಗ "ಟೀಚರ್, ಎರಡನೇ ಯೂನಿಟ್ ಇನ್ನೊಮ್ಮೆ ಕಳ್ಸ್ತೀರಾ". ವಾಟ್ಸ್ಆಪ್ ಬೆಲ್ಲಿನ ಹಾಗೆ ಇರ್ಲಿ, ಇಂತದ್ದು ಹಾಕಿದ್ದೇನೆ ನೋಡಿ ಅಂತ ಹೇಳ್ಲಿಕ್ಕೆ ಮಾತ್ರ. ಪಾಠ ಇರ್ಬೇಕಾದ ಮನೆ ಬೇರೆ.

ಆ ಮನೆಗೆ ಎರಡು ದಾರಿ. ಗೂಗಲ್ ಕ್ಲಾಸ್‌ರೂಮ್ ಸುಲಭ, ಸರ್ವರ್ ನೋಡ್ಕೊಳ್ಳುವ ಜನ ಬೇಡ, ಮಕ್ಕಳ ಜಿಮೇಲ್ ಸಾಕು. ಮೂಡಲ್ 2002ರಿಂದ ಇರುವ ಓಪನ್ ಸೋರ್ಸ್ ವ್ಯವಸ್ಥೆ, ಕಾಲೇಜೇ ತನ್ನ ಸರ್ವರಲ್ಲಿ ಹಾಕ್ಕೊಳ್ಬಹುದು, ಕ್ವಿಜ್ ತುಂಬ ಗಟ್ಟಿ, ಮತ್ತೆ ನಮ್ಮ ಕಡೆಗೆ ಬಹಳ ಉಪಕಾರದ ಒಂದು ವಿಷಯ ಅಂದ್ರೆ ಅದರ ಮೊಬೈಲ್ ಆಪಲ್ಲಿ ಪಾಠ ಡೌನ್‌ಲೋಡ್ ಮಾಡಿಟ್ಟು ನೆಟ್ ಇಲ್ಲದೆ ಓದ್ಬಹುದು, ಟೀಚರ್ ಅನುಮತಿ ಕೊಟ್ಟಿದ್ರೆ ಕ್ವಿಜನ್ನೂ ಆಫ್‌ಲೈನಲ್ಲಿ ಬರೆದು ರೇಂಜ್ ಸಿಕ್ಕಾಗ ಕಳ್ಸ್ಬಹುದು. ಆದ್ರೆ ಸಾಫ್ಟ್‌ವೇರ್ ಫ್ರೀ ಅಷ್ಟೇ, ಸರ್ವರ್ ಮತ್ತು ಅದನ್ನು ನೋಡ್ಕೊಳ್ಳುವ ಮನುಷ್ಯ ಫ್ರೀ ಅಲ್ಲ. ಕಾಲೇಜಲ್ಲಿ ಅಂಥ ಒಬ್ಬರು ಪರ್ಮನೆಂಟ್ ಇದ್ರೆ ಮೂಡಲ್, ಇಲ್ಲಾಂದ್ರೆ ಕ್ಲಾಸ್‌ರೂಮ್. ಯಾವುದಾದ್ರೂ ಸರಿ, ಇಡೀ ಡಿಪಾರ್ಟ್‌ಮೆಂಟ್ ಒಂದನ್ನೇ ಇಟ್ಕೊಳ್ಳಿ. ಆರು ಜನ ಅಧ್ಯಾಪಕರು ಆರು ಕಡೆ ಇರುದಕ್ಕಿಂತ, ಸ್ವಲ್ಪ ಕಮ್ಮಿ ಸೌಲಭ್ಯದ್ದಾದ್ರೂ ಒಂದೇ ಕಡೆ ಇರುದು ಮಕ್ಕಳಿಗೆ ಎಷ್ಟೋ ಲಾಯಕ್ಕು.

6. ಕನ್ನಡ ಸರಿ ಬರ್ತದಾ ಅಂತ ಪರೀಕ್ಷೆ ಮಾಡಿ

ಇದು ಇಂಗ್ಲಿಷ್ ಲೇಖನಗಳಲ್ಲಿ ಸಿಗುದಿಲ್ಲ, ನಾವೇ ನೋಡ್ಕೊಳ್ಬೇಕು.

ಒಂದ್ಸಲ ನಾನು ಹಳೇ ಪ್ರಶ್ನೆಪತ್ರಿಕೆಯಿಂದ 20 ಪ್ರಶ್ನೆ ಕಾಪಿ ಮಾಡಿ ಫಾರ್ಮಿಗೆ ಪೇಸ್ಟ್ ಮಾಡಿದೆ, ಎಲ್ಲಾ ಇಂಗ್ಲಿಷ್ ಅಕ್ಷರ, ಚಿಹ್ನೆ ಸೇರಿದ ಕಲಸುಮೇಲೋಗರ. ಅದು ಯೂನಿಕೋಡ್, ಅಂದ್ರೆ ಯಾವ ಫೋನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆ, ಬರುವ ಮೊದಲಿನ ರೀತಿಯ ಫಾಂಟಲ್ಲಿ ಟೈಪ್ ಮಾಡಿದ ಫೈಲ್. ರಾತ್ರಿ ಹನ್ನೊಂದರವರೆಗೆ ಕೂತು ಪುನಃ ಟೈಪ್ ಮಾಡಿದೆ. ನಿಮ್ಮ ಹತ್ರ ಅಂಥ ಹಳೇ ನೋಟ್ಸ್ ಇದ್ರೆ ಮೊದ್ಲು ಯೂನಿಕೋಡಿಗೆ ಬದಲಾಯಿಸಿ, ಕನ್ವರ್ಟರ್‌ಗಳು ಸಿಗ್ತವೆ, ಆಮೇಲೆ ಒತ್ತಕ್ಷರ ಅರ್ಕಾವತ್ತು ಒಮ್ಮೆ ಕಣ್ಣಲ್ಲೇ ನೋಡಿ. ಕನ್ನಡ ಟೈಪ್ ಮಾಡ್ಲಿಕ್ಕೆ ನುಡಿ, ಬರಹ ಸಾಫ್ಟ್‌ವೇರ್ ಬಳಸುವವರು ಅದರಲ್ಲಿ ಇರುವ ಯೂನಿಕೋಡ್ ಆಯ್ಕೆಯನ್ನೇ ಇಟ್ಕೊಳ್ಳಿ.

ಅರ್ಕಾವತ್ತು ಅಂದಾಗ ನೆನಪಾಯ್ತು. ಫಾರ್ಮಲ್ಲಿ ಒಂದು ಪದದ ಉತ್ತರಕ್ಕೆ ತಾನಾಗಿ ಮಾರ್ಕ್ ಬೀಳುವ ಹಾಗೆ ಇಟ್ಟಿದ್ದೆ, ಉತ್ತರ ಸರ್ವಜ್ಞ. ಸುಮಾರು ಮಕ್ಕಳು ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತು ಅಂಕಿ ಹಾಕಿ "ಸವ೯ಜ್ಞ" ಅಂತ ಟೈಪ್ ಮಾಡಿದ್ರು. ಕಣ್ಣಿಗೆ ಒಂದೇ ಥರ ಕಾಣ್ತದೆ, ಕಂಪ್ಯೂಟರಿಗೆ ಬೇರೆ, ಎಲ್ಲರಿಗೂ ಸೊನ್ನೆ. ಹಾಗಾಗಿ ಕನ್ನಡದಲ್ಲಿ ಆಟೋ ಮಾರ್ಕಿಂಗ್ ಮಾಡುದಾದ್ರೆ ಆಯ್ಕೆ ಮಾಡುವ ಪ್ರಶ್ನೆ ಮಾತ್ರ ಕೊಡಿ, ಟೈಪ್ ಮಾಡುವ ಉತ್ತರವನ್ನು ನೀವೇ ತಿದ್ದಿ.

ಕಣ್ಣು ಕಾಣದ ಮಕ್ಕಳಿದ್ರೆ ಸ್ಕ್ಯಾನ್ ಮಾಡಿದ ಪುಟ ಅವರಿಗೆ ಖಾಲಿ ಕಾಗದ. ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಯೂನಿಕೋಡ್ ಕನ್ನಡವನ್ನು ಓದಿ ಹೇಳ್ತದೆ, ಫೋಟೋ ಮಾಡಿದ ಕನ್ನಡವನ್ನು ಹಾಗೆ ಓದುದಿಲ್ಲ. ಸ್ಕ್ಯಾನ್ ಫೈಲನ್ನು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸಲ್ಲಿ ಓಪನ್ ಮಾಡಿದ್ರೆ ಅಕ್ಷರ ಗುರುತಿಸಿ ಕೊಡ್ತದೆ, ತಪ್ಪಿರ್ತದೆ, ಕೂತು ತಿದ್ದಿ ಕೊಡ್ಬೇಕು. ಆ ಒಂದು ಮಗುವಿಗೋಸ್ಕರ ತಿದ್ದಿದ್ದು ಹುಡುಕ್ಲಿಕ್ಕೆ, ಫೋನಲ್ಲಿ ದೊಡ್ಡದು ಮಾಡಿ ಓದ್ಲಿಕ್ಕೆ ಎಲ್ಲರಿಗೂ ಉಪಯೋಗ ಆಗ್ತದೆ.

ಇನ್ನೊಂದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮಲ್ಲಿ ಓದಿದ ಮಕ್ಕಳಲ್ಲಿ ಮಲಯಾಳ ಮಾತಾಡ್ಲಿಕ್ಕೆ ಬಂದ್ರೂ ಓದ್ಲಿಕ್ಕೆ ಬಾರದವರಿದ್ದಾರೆ. ಆಪ್ ಹೇಗೆ ಹಾಕುದು, ಲಾಗಿನ್ ಹೇಗೆ ಅಂತ ಮಲಯಾಳದಲ್ಲೋ ಇಂಗ್ಲಿಷಲ್ಲೋ ಬಂದ ಸೂಚನೆಯನ್ನು ಹಾಗೇ ಫಾರ್ವರ್ಡ್ ಮಾಡ್ಬೇಡಿ, ಸ್ಕ್ರೀನ್‌ಶಾಟ್ ಹಾಕಿ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕಳ್ಸಿ. ಇದು ಮಕ್ಕಳ ಹಕ್ಕು ಅಂತ ನಾನು ತಿಳ್ಕೊಂಡಿದ್ದೇನೆ.

7. ಹೈಬ್ರಿಡ್ ರೂಮಿಗೆ ಮೊದ್ಲು ಮೈಕ್, ಆಮೇಲೆ ಕ್ಯಾಮೆರಾ

ಅರ್ಧ ಮಕ್ಕಳು ಎದುರಿಗೆ, ಅರ್ಧ ಮನೆಯಲ್ಲಿ ಅಂತಾದ್ರೆ ದುಡ್ಡನ್ನು ಧ್ವನಿಗೆ ಹಾಕಿ. ಶೀಟಿನ ಮೇಲೆ ಮಳೆ ಬೀಳುವಾಗ ಲ್ಯಾಪ್‌ಟಾಪ್ ಮೈಕಲ್ಲಿ ಮಳೆ ಮಾತ್ರ ಕೇಳ್ತದೆ. ವಯರಿನ ಕಾಲರ್ ಮೈಕ್ ಒಂದು ಸಾಕು. ಎದುರಿಗಿದ್ದ ಮಗು ಪ್ರಶ್ನೆ ಕೇಳಿದ್ರೆ ಉತ್ತರ ಕೊಡುವ ಮೊದ್ಲು ಪ್ರಶ್ನೆಯನ್ನು ನೀವು ಪುನಃ ಹೇಳಿ, ಇಲ್ಲಾಂದ್ರೆ ಮನೆಯಲ್ಲಿ ಕೂತವರಿಗೆ ಬರೀ ಉತ್ತರ. ಒಂದು ಹಳೇ ಫೋನನ್ನು ವಿದ್ಯಾರ್ಥಿಯ ಹಾಗೆ ಮೀಟಿಂಗಿಗೆ ಸೇರಿಸಿ, ಸೌಂಡ್ ಮ್ಯೂಟ್ ಮಾಡಿ ಮೇಜಿನ ಮೇಲೆ ಇಡಿ, ಅವರಿಗೆ ಎಂತ ಕಾಣ್ತಾ ಉಂಟು ಅಂತ ನಿಮಗೂ ಕಾಣ್ತದೆ. ಕರೆಂಟ್ ಹೋದ್ರೆ ವೈಫೈ ರೂಟರಿಗೆ ಸಣ್ಣ ಯುಪಿಎಸ್ ಸಿಗ್ತದೆ, ಜೂನ್ ಮೊದ್ಲೇ ತರ್ಸಿ ಇಡಿ.

8. ಮಾರ್ಕ್, ಹೆಸರು, ನಂಬರ್

ಕ್ವಿಜ್ ಆನ್‌ಲೈನಲ್ಲಿ ಮಾಡುದು ಕಲಿತದ್ದು ನೆನಪುಂಟಾ ಅಂತ ಮಗುವಿಗೇ ಗೊತ್ತಾಗ್ಲಿಕ್ಕೆ, ಹಿಡಿದು ಹಾಕ್ಲಿಕ್ಕೆ ಅಲ್ಲ. ಕ್ಯಾಮೆರಾ ಇಟ್ಟು ಕಾಯುವ ಸಾಫ್ಟ್‌ವೇರ್ ಬೇಡವೇ ಬೇಡ, ಒಂದೇ ಕೋಣೆಯಲ್ಲಿ ನಾಲ್ಕು ಜನ ಇರುವ ಮನೆಯಲ್ಲಿ ಅದು ಅನ್ಯಾಯ. ಅಸೈನ್‌ಮೆಂಟನ್ನು ಚಾಟ್‌ಜಿಪಿಟಿಯಲ್ಲಿ ಮಾಡ್ತಾರೆ ಅಂತ ಹೆದರುವವರಿಗೆ ನನ್ನ ದಾರಿ: ನಿಮ್ಮ ಅಜ್ಜಿ ಹೇಳುವ ಒಂದು ಗಾದೆಯೋ ಊರಿನ ಭೂತದ ಕಥೆಯೋ ಕೇಳಿ ರೆಕಾರ್ಡ್ ಮಾಡಿ, ಅದರ ಬಗ್ಗೆ ಒಂದು ಪುಟ ಬರೆಯಿರಿ, ಆಮೇಲೆ ನನ್ನ ಹತ್ರ ಎರಡು ನಿಮಿಷ ಮಾತಾಡಿ.

ಮಾರ್ಕ್ ಲಿಸ್ಟನ್ನು ಹೆಸರು ಫೋನ್ ನಂಬರ್ ಸಮೇತ ಗ್ರೂಪಿಗೆ ಹಾಕುದು ಇವತ್ತೇ ನಿಲ್ಲಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರು ಮಕ್ಕಳೇ, ಅವರ ಮಾಹಿತಿಗೆ ಹೆತ್ತವರ ಒಪ್ಪಿಗೆಯ ವಿಷಯ ಬರ್ತದೆ, ಫಸ್ಟ್ ಇಯರಲ್ಲಿ 17 ವರ್ಷದವರು ಎಷ್ಟೋ ಜನ ಇದ್ದಾರೆ. ಹೊಸ ಆಪ್ ಮಕ್ಕಳ ಹುಟ್ಟಿದ ದಿನಾಂಕ, ಲೊಕೇಶನ್ ಎಲ್ಲ ಕೇಳಿದ್ರೆ ಬಿಟ್ಟುಬಿಡಿ.

ಮತ್ತೆ ಹಾಕಿದ್ದನ್ನು ಹೊರಗೆ ತೆಗೀಲಿಕ್ಕೆ ಆಗ್ತದಾ ನೋಡಿ. ಆನ್‌ಲೈನ್ ಕ್ಲಾಸಿನ ಎಡ್ಮೋಡೋ 2022ರಲ್ಲಿ ನಿಂತಿತು, ಡಿಜಿಟಲ್ ಬೋರ್ಡಾಗಿದ್ದ ಗೂಗಲ್ ಜಾಮ್‌ಬೋರ್ಡ್ 2024ರ ಕೊನೆಗೆ ನಿಂತಿತು. ಸೆಮಿಸ್ಟರ್ ಮುಗಿದ ಕೂಡ್ಲೇ ಎಲ್ಲಾ ಆಡಿಯೋ, ಪಿಡಿಎಫ್, ಮಾರ್ಕ್ ಶೀಟ್ ಒಂದು ಪೆನ್‌ಡ್ರೈವಿಗೆ ಹಾಕಿ ಕಪಾಟಲ್ಲಿಡಿ.

9. ಎರಡು ವಾರ, ಒಂದು ಯೂನಿಟ್

ಇಷ್ಟು ನೋಡಿ ಆಯ್ಕೆ ಮಾಡಿದ್ಮೇಲೂ ಇಡೀ ಸೆಮಿಸ್ಟರಿಗೆ ಒಮ್ಮೆಲೇ ಹಾಕ್ಬೇಡಿ. ಒಂದು ಯೂನಿಟ್ ಎರಡು ವಾರ ನಡೆಸಿ. ಮೂರು ವಿಷಯ ಬರ್ದಿಡಿ: ಹಾಕಿದ ಮೂರು ದಿನದೊಳಗೆ ಎಷ್ಟು ಮಕ್ಕಳು ತೆರೆದ್ರು, ಎಷ್ಟು ಮಕ್ಕಳು "ಟೀಚರ್ ಆಗ್ತಾ ಇಲ್ಲ" ಅಂತ ಫೋನ್ ಮಾಡಿದ್ರು, ನಿಮಗೆ ತಯಾರಿಗೆ ಎಷ್ಟು ಗಂಟೆ ಹೋಯ್ತು. ತೆರೆಯದೆ ಇದ್ದವರಿಗೆ ನೀವೇ ಫೋನ್ ಮಾಡಿ. ನನಗೆ ಹಾಗೆ ಮಾಡಿದಾಗಲೇ ಗೊತ್ತಾದದ್ದು, ಮೂವರು ಮಕ್ಕಳಿಗೆ ಲಾಗಿನ್ನೇ ಆಗಿರ್ಲಿಲ್ಲ, ಅಪ್ಪನ ಜಿಮೇಲಲ್ಲಿ ಸೇರಿದ್ದರಿಂದ ನೋಟಿಫಿಕೇಶನ್ ಎಲ್ಲ ಅಪ್ಪನ ಫೋನಿಗೆ ಹೋಗ್ತಾ ಇತ್ತು, ಆ ಅಪ್ಪಂದಿರಲ್ಲಿ ಒಬ್ಬರು ಗಲ್ಫಲ್ಲಿ.

10. ರೆಡ್ ಅಲರ್ಟ್ ದಿನದ ಮೆಸೇಜ್ ಈಗಲೇ ಬರ್ದಿಡಿ

ಇದು ಮೇ ತಿಂಗಳಲ್ಲೇ ಆಗ್ಬೇಕಾದ ಕೆಲಸ. ಡಿಪಾರ್ಟ್‌ಮೆಂಟಿನವರೆಲ್ಲ ಕೂತು ಒಂದು ಮೆಸೇಜ್ ಒಪ್ಪಿಕೊಂಡು ಗ್ರೂಪಲ್ಲಿ ಪಿನ್ ಮಾಡಿ. ನಮ್ಮದು ಹೀಗುಂಟು:

"ಮಳೆ ರಜೆ ದಿನ ಬೆಳಿಗ್ಗೆ 9 ಗಂಟೆಯೊಳಗೆ ಎಲ್ಲಾ ಪಾಠದ ಆಡಿಯೋ ಕ್ಲಾಸ್‌ರೂಮಲ್ಲಿ ಇರ್ತದೆ. ಲೈವ್ ಎರಡೇ, 10ಕ್ಕೆ ಮತ್ತು 11ಕ್ಕೆ, ತಲಾ 25 ನಿಮಿಷ, ಲಿಂಕ್ ಯಾವಾಗಲೂ ಒಂದೇ, ಕೆಳಗೆ ಕೊಟ್ಟಿದೆ. ಸಿಡಿಲು ಇದ್ರೆ ರೇಂಜಿಗೋಸ್ಕರ ಗುಡ್ಡೆ ಹತ್ಬೇಡಿ, ಹೊರಗೆ ನಿಲ್ಬೇಡಿ. ಲೈವಿಗೆ ಬರ್ಲಿಕ್ಕಾಗದಿದ್ರೆ ಅಟೆಂಡೆನ್ಸ್ ಹೋಗುದಿಲ್ಲ, ಮೂರು ದಿನದೊಳಗೆ ಆಡಿಯೋ ಕೇಳಿ ಒಂದು ಪ್ರಶ್ನೆ ಬರ್ದು ಕಳ್ಸಿ. ನೆಟ್ಟೇ ಇಲ್ಲದವರು ಕಾಲೇಜು ತೆರೆದ ದಿನ ಡಿಪಾರ್ಟ್‌ಮೆಂಟಿಗೆ ಬಂದು ಪೆನ್‌ಡ್ರೈವಿಂದ ಕಾಪಿ ಮಾಡ್ಕೊಳ್ಳಿ."